ಮಂಗಳವಾರಕ್ಕೊಂದು ಕ್ಯಾಮೆರಾ

ನಮ್ಮೂರಿನಲ್ಲಿ ಮಂಗಳವಾರದ ಮಾತನ್ನು ಬುಧವಾರ ಎತ್ತುವಂತಿಲ್ಲ. ಎತ್ತೋಣವೆಂದರೂ ಯಾರಿಗೂ ನೆನಪಿರುವುದಿಲ್ಲ, ಆ ಮಾತು ಬೇರೆ. ಸೋಮವಾರ ದೀಪ ಹಚ್ಚುವ ಹೊತ್ತಿಗೆ ಪೆನ್ನು, ಪೆನ್ಸಿಲ್ಲು, ಸೀಮೆಸುಣ್ಣ, ಈಚೆಗೆ ಮೊಬೈಲು, ಎಲ್ಲವನ್ನೂ ಒಂದು ಡಬ್ಬಿಗೆ ಹಾಕಿ ಮುಚ್ಚಳ ಬಿಗಿದು ಅಟ್ಟದ ಮೇಲಿಡುತ್ತೇವೆ. ಮಂಗಳವಾರವನ್ನು ಎಲ್ಲರಂತೆ ಬದುಕುತ್ತೇವೆ. ಬುಧವಾರ ಬೆಳಕು ಹರಿಯಿತೆಂದರೆ ಮಲಗಿದ್ದವರಿಗೂ ಅಷ್ಟೆ, ಎದ್ದು ಕುಳಿತಿದ್ದವರಿಗೂ ಅಷ್ಟೆ, ಸೋಮವಾರವೇ ನಿನ್ನೆ. ಹಗ್ಗದ ಮೇಲೆ ಒಗೆದ ಬಟ್ಟೆ ಒಣಗಿರುತ್ತದೆ, ಮಗುವಿನ ಮಂಡಿಯಲ್ಲಿ ಹೊಸ ತರಚು ಗಾಯ ಇರುತ್ತದೆ. ಹೇಗಾಯಿತು ಎಂದು ಯಾರೂ ಕೇಳುವುದಿಲ್ಲ. ‘ನಿನ್ನೆ ಎಲ್ಲಿದ್ದೆ?’ ಎನ್ನುವುದು ನಮ್ಮಲ್ಲಿ ಹೆತ್ತವರನ್ನು ಎತ್ತಿ ಬಯ್ಯುವುದಕ್ಕಿಂತ ದೊಡ್ಡ ಬೈಗುಳ. ಬೇರೆ ಊರಿನವರು ಮಂಗಳವಾರ ಒಳ್ಳೆಯ ಕೆಲಸ ಶುರು ಮಾಡುವುದಿಲ್ಲವಂತೆ. ನಾವು ಮಾಡುತ್ತೇವೆ, ಏನು ಮಾಡಿದೆವೆಂದು ಮಾತ್ರ ಗೊತ್ತಿರುವುದಿಲ್ಲ.

ಮಂಗಳವಾರ ಬಂದಾಗ ಹಿಂದಿನ ಮಂಗಳವಾರಗಳೆಲ್ಲ ನೆನಪಿಗೆ ಬರುತ್ತವೆ ಎಂದು ಹಿರಿಯರು ಹೇಳುತ್ತಾರೆ. ನಿಮಗೆ ಹೇಗೆ ಗೊತ್ತು ಎಂದರೆ ನನ್ನ ಪಕ್ಕದ ಮನೆಯ ಜುಲೇಖಾಬಿಯ ಕೌದಿಯನ್ನು ತೋರಿಸುತ್ತಾರೆ. ಅವಳು ಅದನ್ನು ಮಂಗಳವಾರ ಮಾತ್ರ ಹೊಲಿಯುವುದು. ಉಳಿದ ದಿನ ಕೈಗೆ ತೆಗೆದುಕೊಂಡರೆ ಅದರ ಚಿತ್ತಾರದ ತಲೆಬುಡ ಅವಳಿಗೇ ತಿಳಿಯುವುದಿಲ್ಲ. ಆದರೂ ವಾರದಿಂದ ವಾರಕ್ಕೆ ಒಂದು ಚುಕ್ಕಿಯೂ ತಪ್ಪದೆ ಅದು ಬೆಳೆಯುತ್ತಲೇ ಇದೆ. ಊರು ಬಿಟ್ಟು ಹೋದವರಿಗೆ ಮಾತ್ರ ಇಲ್ಲಿಯ ಮಂಗಳವಾರಗಳು ಮತ್ತೆ ಸಿಗುವುದಿಲ್ಲ. ವಾಪಸು ಬಂದರೂ ಸಿಗುವುದಿಲ್ಲ, ಹೋದವು ಹೋದವೇ.

ನಾನು ಕಮಲಾಕ್ಷಿ. ಹಿಂದೆ ಟೈಪಿಂಗ್ ಕಲಿಸುತ್ತಿದ್ದೆನಾದ್ದರಿಂದ ಊರಿಗೆಲ್ಲ ಟೀಚರ್. ಟೈಪ್‌ರೈಟರ್‌ಗಳು ಮೂಲೆ ಸೇರಿದ ಮೇಲೆ ಕಂಪ್ಯೂಟರ್ ರಿಪೇರಿ ಕಲಿತೆ, ಈಗ ಅದೇ ಅನ್ನ. ಮದುವೆ ಆಗಲಿಲ್ಲ, ಅದಕ್ಕೊಂದು ದೊಡ್ಡ ಕಥೆಯೂ ಇಲ್ಲ. ನಮ್ಮ ಮನೆಯ ನಡುಮನೆಗೆ ಅಡ್ಡವಾಗಿ ಒಂದು ಗೋಡೆ ಇದೆ. ಗೋಡೆಯ ಈಚೆ ನಾನು, ಆಚೆ ನನ್ನ ತಮ್ಮ ವೀರಭದ್ರ, ಅವನ ಹೆಂಡತಿ ಸುನಂದ. ಭದ್ರ ಟೈಲರ್. ಅವನ ಮಿಷನ್ನಿನ ಸದ್ದು ಬೆಳಗಿನಿಂದ ನನಗೆ ಕೇಳುತ್ತಲೇ ಇರುತ್ತದೆ, ಅವನ ದನಿ ಮಾತ್ರ ಹನ್ನೊಂದು ವರ್ಷದಿಂದ ಕೇಳಿಲ್ಲ.

ನಮ್ಮಮ್ಮ ತೀರಿಕೊಂಡದ್ದು ಒಂದು ಮಂಗಳವಾರ. ನಾಲ್ಕು ತಿಂಗಳು ಹಾಸಿಗೆ ಹಿಡಿದಿದ್ದಳು, ನಾವಿಬ್ಬರೂ ಸರದಿಯ ಮೇಲೆ ನೋಡಿಕೊಳ್ಳುತ್ತಿದ್ದೆವು. ಮಂಗಳವಾರ ಭದ್ರನ ಸರದಿ. ಬುಧವಾರ ಬೆಳಕು ಹರಿದಾಗ ನಾವಿಬ್ಬರೂ ಅಮ್ಮನ ಆಚೀಚೆ ಕುಳಿತಿದ್ದೆವು. ಅಮ್ಮನ ಹಣೆಗೆ ವಿಭೂತಿ ಹಚ್ಚಿತ್ತು, ತಲೆಯ ಬಳಿ ದೀಪ ಉರಿಯುತ್ತಿತ್ತು. ಹೇಗೆ ಹೋದಳು, ಕೊನೆಗೆ ಏನೆಂದಳು, ಬಾಯಿಗೆ ನೀರು ಬಿಟ್ಟವರು ಯಾರು, ನಮಗೆ ಗೊತ್ತಿರಲಿಲ್ಲ. ಗೊತ್ತಾಗುವುದೂ ಇಲ್ಲ. ನಮ್ಮೂರಿನಲ್ಲಿ ಹೀಗೆ ಎಷ್ಟೋ ಜನ ತಾಯಿಯನ್ನು ಕಳೆದುಕೊಂಡಿದ್ದಾರೆ, ತಲೆ ತಗ್ಗಿಸಿ ಮುಂದಿನ ಕೆಲಸ ನೋಡಿದ್ದಾರೆ. ನನಗದು ಆಗಲಿಲ್ಲ. ಮೂಲೆಯಲ್ಲಿ ಆರು ಬ್ಲೌಸು ಮಡಿಸಿಟ್ಟದ್ದು ಕಣ್ಣಿಗೆ ಬಿತ್ತು. ಸೋಮವಾರ ಅವುಗಳ ಹುಕ್ಕು, ಹೆಮ್ಮಿಂಗು ಎಲ್ಲ ಬಾಕಿ ಇತ್ತು, ಈಗ ಮುಗಿದಿತ್ತು. ಬಂದು ಸೇರಿದ್ದ ನೆಂಟರು, ಬೀದಿಯವರು, ಎಲ್ಲರ ಎದುರಿಗೆ ನಾನು ಬಾಯಿಬಿಟ್ಟೆ.

“ನಿನ್ನೆ ಎಲ್ಲಿದ್ಯೋ ನೀನು? ಅಮ್ಮ ಸಾಯೋವಾಗ ಅಂಗ್ಡೀಲಿ ಕೂತು ಹುಕ್ಕು ಹೊಲೀತಿದ್ಯಾ?”

ಕೇಳಬಾರದ್ದನ್ನು ಕೇಳಿಬಿಟ್ಟಿದ್ದೆ. ಅವನ ಮುಖ ಬಿಳಿಚಿಕೊಂಡಿತು. ತಿಥಿ ಮುಗಿದ ಮಾರನೆಯ ದಿನ ಗೋಡೆಗೆ ಇಟ್ಟಿಗೆ ಬಂತು. ಕಟ್ಟುವಷ್ಟು ದಿನ ನಾನು ಒಳಗೆ ಕುಳಿತು ಕರಣೆಯ ಸದ್ದು ಕೇಳಿಸಿಕೊಂಡೆ. ಹೊರಗೆ ಬಂದು ‘ಬೇಡ ಕಣೋ’ ಎನ್ನಬಹುದಿತ್ತು, ಅನ್ನಲಿಲ್ಲ.

ಇಷ್ಟು ಹಿನ್ನೆಲೆ. ಇನ್ನು ಕ್ಯಾಮೆರಾ ವಿಷಯ. ಬುಧವಾರ ಬೆಳಿಗ್ಗೆ ಎದ್ದು ನೋಡಿದರೆ ನನ್ನ ಪಾತ್ರೆ ಬುಟ್ಟಿಯಲ್ಲಿ ಎರಡು ಲೋಟ ಕವುಚಿರುತ್ತಿದ್ದವು. ಒಂಟಿ ಹೆಂಗಸಿಗೆ ಎರಡು ಲೋಟ ಏಕೆ? ಡಬ್ಬಿಯಲ್ಲಿ ಕಾಫಿಪುಡಿ ಇಳಿದಿರುತ್ತಿತ್ತು. ಅಮ್ಮನ ಕಬ್ಬಿಣದ ಟ್ರಂಕು ಗೋಡೆಯಿಂದ ಒಂದು ಗೇಣು ಮುಂದೆ ಬಂದಿರುತ್ತಿತ್ತು. ಯಾರೋ ಬರುತ್ತಾರೆ, ಕೂರುತ್ತಾರೆ, ಅಮ್ಮನ ಟ್ರಂಕು ತೆಗೆಯುತ್ತಾರೆ. ಎರಡು ಮನೆಗೂ ಹಿತ್ತಿಲು ಒಂದೇ ಆದ್ದರಿಂದ ನನ್ನ ಗುಮಾನಿ ಯಾರ ಮೇಲೆ ಎಂದು ಬಿಡಿಸಿ ಹೇಳಬೇಕಿಲ್ಲ. ಇವನನ್ನು ಒಮ್ಮೆ ಸಾಕ್ಷಿ ಸಮೇತ ಹಿಡಿಯಬೇಕೆಂಬ ಹಟ ಹತ್ತಿತು. ಕೇಳಬಾರದು ಎಂದು ಊರಿನ ಕಟ್ಟಳೆ ಇದೆ, ನೋಡಬಾರದು ಎಂದು ಎಲ್ಲೂ ಇಲ್ಲವಲ್ಲ ಎಂದು ನನಗೆ ನಾನೇ ವಕಾಲತ್ತು ಹಾಕಿಕೊಂಡೆ.

ಅಂಗಡಿಯಲ್ಲಿ ಸಿಗುವ ಸಿದ್ಧ ಪೆಟ್ಟಿಗೆ ನನಗೆ ಬೇಕಿರಲಿಲ್ಲ. ಕೈಯಲ್ಲಿ ವಿದ್ಯೆ ಇಟ್ಟುಕೊಂಡು ಬೇರೆಯವರು ಮಾಡಿದ್ದನ್ನು ಕೊಳ್ಳುವುದೇ? ಶಾಲೆಯವರು ಗುಜರಿಗೆ ಹಾಕಿದ್ದ ಒಂದು ಕಂಪ್ಯೂಟರ್ ತಂದೆ. ಒಳಗಿನ ಧೂಳು ಊದಿ, ಫ್ಯಾನಿಗೆ ಒಂದು ತೊಟ್ಟು ಎಣ್ಣೆ ಬಿಟ್ಟು, ಮೆಮೊರಿ ಹೆಚ್ಚಿಸಿ, ತಿಂಗಳ ದೃಶ್ಯ ಹಿಡಿಸುವಷ್ಟು ದೊಡ್ಡ ಹಾರ್ಡ್ ಡಿಸ್ಕ್ ಕೂರಿಸಿದೆ. ಮಾತೂ ಕೇಳಿಸುವ ಎರಡು ಕ್ಯಾಮೆರಾ ತರಿಸಿ, ಒಂದನ್ನು ಹಿತ್ತಲ ಬಾಗಿಲ ಮೇಲೆ, ಇನ್ನೊಂದನ್ನು ಅಡುಗೆಮನೆಯ ಅಟ್ಟದಂಚಿಗೆ ಸಿಕ್ಕಿಸಿದೆ. ಕೇಬಲ್ಲನ್ನು ಸೂರಿನ ಅಡಿಯಲ್ಲಿ ಎಳೆದು ತಂದೆ. ಕರೆಂಟು ಹೋದರೆ ಇರಲಿ ಎಂದು ಯುಪಿಎಸ್ ಕೊಟ್ಟೆ. ಪುಕ್ಕಟೆ ಸಿಗುವ ಒಂದು ಸಾಫ್ಟ್‌ವೇರ್ ಹಾಕಿ, ಏನಾದರೂ ಅಲುಗಿದರೆ ಮಾತ್ರ ದಾಖಲಿಸು ಎಂದು ಹೇಳಿಕೊಟ್ಟೆ. ಮೊದಲ ದಿನ ಮುನ್ನೂರು ತುಣುಕು ಬಂದವು, ಮುನ್ನೂರೂ ಹಲ್ಲಿ. ಗೋಡೆಯ ಆ ಭಾಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಎಂದು ಗುರುತು ಹಾಕಿದ ಮೇಲೆ ಹಲ್ಲಿಯ ದಿನಚರಿ ನಿಂತಿತು. ಶನಿವಾರ, ಭಾನುವಾರ, ಸೋಮವಾರ ಪರೀಕ್ಷೆ ಮಾಡಿದೆ. ನಾನು ಒಗ್ಗರಣೆ ಹಾಕುವುದು, ಸೀನುವುದು, ಎಲ್ಲ ಸ್ಫಟಿಕದಂತೆ ಬಂತು. ಬೀಗಿದೆ.

ಬುಧವಾರ ತೆರೆದು ನೋಡಿದರೆ ಮಂಗಳವಾರ ಬೆಳಿಗ್ಗೆ ಎಂಟೂ ನಲವತ್ತರವರೆಗೆ ನಾನು ಪಾತ್ರೆ ತೊಳೆಯುವುದಿತ್ತು. ಆಮೇಲೆ ಏನೂ ಇಲ್ಲ.

ಪವರ್ ಸಪ್ಲೈ ಕೈಕೊಟ್ಟಿದೆ ಎಂದುಕೊಂಡೆ, ಬದಲಾಯಿಸಿದೆ. ಮುಂದಿನ ವಾರವೂ ಅದೇ ಹೊತ್ತಿಗೆ ನಿಂತಿತು. ಹಾರ್ಡ್ ಡಿಸ್ಕ್ ಇರಬೇಕೆಂದು ಅದನ್ನೂ ಬದಲಾಯಿಸಿದೆ. ಮೂರನೆಯ ವಾರ ಹೊಸ ಕೇಬಲ್ ಎಳೆದೆ. ಉಳಿದ ಆರು ದಿನ ಗಾಣದೆತ್ತಿನ ಹಾಗೆ ದುಡಿಯುವ ಯಂತ್ರ ಮಂಗಳವಾರ ಬಂತೆಂದರೆ ಮಲಗಿಬಿಡುತ್ತಿತ್ತು. ಇಪ್ಪತ್ತು ವರ್ಷ ಊರಿನವರ ಕಂಪ್ಯೂಟರ್ ರಿಪೇರಿ ಮಾಡಿದ ನನಗೆ ಅಳು ಬರುವಂತಾಯಿತು. ಕೊನೆಗೆ, ಮೊದಲೇ ನೋಡಬೇಕಾಗಿದ್ದ ಜಾಗ ನೋಡಿದೆ. ಯಂತ್ರ ತನ್ನ ಹುಟ್ಟುಸಾವುಗಳನ್ನು ತಾನೇ ಬರೆದಿಟ್ಟುಕೊಳ್ಳುವ ಪಟ್ಟಿಯೊಂದಿರುತ್ತದೆ. ಅದರಲ್ಲಿ ಸ್ಪಷ್ಟವಾಗಿತ್ತು: ಕರೆಂಟು ಹೋಗಿರಲಿಲ್ಲ, ಯಾವುದೂ ಕೆಟ್ಟಿರಲಿಲ್ಲ. ಮಂಗಳವಾರ ಎಂಟೂ ನಲವತ್ತಕ್ಕೆ ಯಾರೋ ಪಾಸ್‌ವರ್ಡ್ ಕೊಟ್ಟು, ಕ್ರಮವಾಗಿ ಒಂದೊಂದನ್ನೇ ಮುಚ್ಚಿ, ಯಂತ್ರವನ್ನು ಆರಿಸಿದ್ದರು. ಮೇಲೆ ಎಂದಿನಂತೆ ಬಟ್ಟೆ ಹೊದಿಸಿತ್ತು. ಕಳ್ಳನಾದವನು ಪ್ಲಗ್ ಕೀಳುತ್ತಾನೆ. ಧೂಳು ಕೂತೀತೆಂದು ಬಟ್ಟೆ ಹೊದಿಸುವ ಕಳ್ಳ ಊರಿಗೆಲ್ಲ ಒಬ್ಬಳೇ.

ನಾನೇ ಆರಿಸುತ್ತಿದ್ದೆ. ಮಂಗಳವಾರದ ಕಮಲಾಕ್ಷಿ ಬುಧವಾರದ ಕಮಲಾಕ್ಷಿಯಿಂದ ಏನನ್ನೋ ಮುಚ್ಚಿಡುತ್ತಿದ್ದಾಳೆ. ಹೆದರಿಕೆ ಆಯಿತು. ಹೆದರಿಕೆಗಿಂತ ಹೆಚ್ಚಾಗಿ ಅವಳ ಮೇಲೆ ಸಿಟ್ಟು ಬಂತು. ಸೋಮವಾರ ಪಾಸ್‌ವರ್ಡ್ ಬದಲಾಯಿಸೋಣವೆಂದರೆ ಮಂಗಳವಾರ ಅದು ಅವಳಿಗೂ ಗೊತ್ತಿರುತ್ತದೆ. ನಮ್ಮ ಬಾಯಿಗೆ ನಾವೇ ಬೀಗ ಹಾಕಿ ಬೀಗದ ಕೈಯನ್ನು ನಮ್ಮ ಸೊಂಟಕ್ಕೇ ಸಿಕ್ಕಿಸಿಕೊಂಡ ಹಾಗೆ. ಆ ಸೋಮವಾರ ಸಂಜೆ ಕೀಬೋರ್ಡು, ಮೌಸು ಎರಡನ್ನೂ ಕಿತ್ತು ಜುಲೇಖಾಬಿಯ ಕೈಗಿತ್ತೆ.

“ಇದನ್ನ ಬೀರೂಲಿಟ್ಟು ಬೀಗ ಹಾಕು. ನಾಳೆ ನಾನು ಬಂದು ಕೇಳಿದ್ರೂ ಕೊಡ್ಬೇಡ.”

“ನೀವೇ ಕೇಳಿದ್ರೆ ಹೆಂಗ್ ಕೊಡ್ದೆ ಇರ್ಲಿ ಟೀಚರಮ್ಮ?”

“ಬೈದು ಕಳ್ಸು.”

“ಆಯ್ತು ಬಿಡಿ,” ಎಂದು ಬೀರುವಿನಲ್ಲಿಟ್ಟಳು. ಹೊರಡುವಾಗ ಬಾಗಿಲಿನವರೆಗೆ ಬಂದು, “ನಿಮ್ ತಮ್ಮ ಊರು ಬಿಡ್ತಾವ್ರಂತೆ, ಗೊತ್ತಾಯ್ತಾ?” ಎಂದಳು. ಸುನಂದ ಬೇರೆ ಊರಿನಿಂದ ಬಂದ ಸೊಸೆ. ವಾರಕ್ಕೊಂದು ದಿನವನ್ನು ಯಾರೋ ಕದ್ದುಕೊಂಡು ಹೋದ ಹಾಗಾಗುತ್ತದೆ, ನನಗೆ ನನ್ನ ಆಯುಸ್ಸು ಪೂರ್ತಿ ಬೇಕು ಎಂದು ಮದುವೆಯಾದಾಗಿನಿಂದ ಅವಳ ಗೋಳು. ಈಗ ಅವಳ ತೌರಿನಲ್ಲಿ ಅಂಗಡಿ ನೋಡಿದ್ದಾರಂತೆ. ಮುಂದಿನ ವಾರ ಗುರುವಾರ ಲಾರಿ ಬರುತ್ತದಂತೆ.

“ಹೋದ್ರೆ ಹೋಗ್ಲಿ, ನಂಗೇನು?” ಎಂದೆ. ಮನೆಗೆ ಬಂದು ಗೋಡೆಗೆ ಒರಗಿ ನಿಂತೆ. ಆಚೆ ಮಿಷನ್ ಓಡುತ್ತಿತ್ತು. ಇನ್ನು ಹತ್ತು ದಿನ ಬಿಟ್ಟರೆ ಇದೂ ಕೇಳುವುದಿಲ್ಲ ಎಂದುಕೊಂಡೆ.

ಆ ಬುಧವಾರ ಎದ್ದಾಗ ಯಂತ್ರ ಆರಿತ್ತು, ಕೀಬೋರ್ಡು, ಮೌಸು ನನ್ನ ಮೇಜಿನ ಮೇಲೇ ಇದ್ದವು. ಜುಲೇಖಾಬಿ ತನ್ನ ಬೀರು ತೆಗೆದು ನೋಡಿ ಕೆನ್ನೆ ಬಡಿದುಕೊಂಡಳು. ಎಷ್ಟು ಹೊತ್ತು ಜಗಳವಾಡಿದೆವೋ ಏನು ಕಥೆಯೋ. ನಾನು ಸೋತೆ ಎಂದು ಒಪ್ಪಿಕೊಂಡೆ. ಮುಂದಿನ ಸೋಮವಾರ ಯಾವ ಉಪಾಯವನ್ನೂ ಮಾಡಲಿಲ್ಲ. ಯಂತ್ರವನ್ನು ಅದರ ಪಾಡಿಗೆ ಬಿಟ್ಟು ಮಲಗಿದೆ.

ಮರುದಿನ, ಅಂದರೆ ಬುಧವಾರ, ಕಾಫಿ ಬೆರೆಸಿಕೊಂಡು ಬಂದು ಮೇಜಿನ ಮುಂದೆ ಕುಳಿತೆ. ಯಂತ್ರ ಓಡುತ್ತಲೇ ಇತ್ತು. ಬಟ್ಟೆ ಹೊದಿಸಿರಲಿಲ್ಲ. ಮಂಗಳವಾರ ಎಂಟೂ ನಲವತ್ತು ದಾಟಿ ದೃಶ್ಯ ಮುಂದುವರಿದಿತ್ತು.

ಒಂಬತ್ತಕ್ಕೆ ಹಿತ್ತಲ ಬಾಗಿಲಿನಿಂದ ಭದ್ರ ಒಳಗೆ ಬಂದ. ಕದ್ದು ಬರುವವನಂತೆ ಅಲ್ಲ, ತನ್ನ ಮನೆಗೆ ಬರುವವನಂತೆ ಬಂದ. ಕೈಯಲ್ಲಿ ನೆನೆಸಿದ ಅವರೆಕಾಳಿನ ಪಾತ್ರೆ ಇತ್ತು. ನಾನು ಬೆನ್ನು ತಿರುಗಿಸಿ ಒಲೆಯ ಮುಂದಿದ್ದೆ, ತಿರುಗದೆಯೇ, “ಮಣೆ ಹಾಕ್ಕೊ” ಎಂದೆ. ಅವನು ಮಣೆ ಹಾಕಿಕೊಂಡು ಕುಳಿತು ಅವರೆಕಾಳು ಹಿಸುಕತೊಡಗಿದ. ತಲೆ ನೆತ್ತಿಯಲ್ಲಿ ಬೋಳಾಗಿದೆ, ನನಗೆ ಗೊತ್ತೇ ಇರಲಿಲ್ಲ. ನಾವು ಲಾರಿಯ ಬಗ್ಗೆ, ಸುನಂದಳ ಮೊಣಕಾಲಿನ ನೋವಿನ ಬಗ್ಗೆ ಮಾತಾಡಿದೆವು. ನಡುವೆ ಅಮ್ಮನ ಟ್ರಂಕು ಎಳೆದು ಅವಳ ಒಂದು ಸೀರೆ ತೆಗೆದು ಅವನ ತೊಡೆಯ ಮೇಲಿಟ್ಟೆ. “ಸುನಂದಂಗೆ ಕೊಡು,” ಎಂದೆ. “ನಾಳೆ ಇದೆಲ್ಲಿಂದ ಬಂತು ಅಂತ ಅವ್ಳಿಗೆ ತಲೆ ಕೆಡುತ್ತೆ,” ಎಂದು ಅವನು ನಕ್ಕ. ನನ್ನ ತಮ್ಮನ ನಗು. ಕಣ್ಣು ಮಂಜಾಗಿ ನಾನು ಸ್ವಲ್ಪ ಹೊತ್ತು ದೃಶ್ಯವನ್ನು ನಿಲ್ಲಿಸಬೇಕಾಯಿತು.

ಮತ್ತೆ ಓಡಿಸಿದಾಗ ಅಡುಗೆಮನೆಯ ಕಮಲಾಕ್ಷಿ ಸೆರಗಿಗೆ ಕೈ ಒರಸಿಕೊಂಡು ನೇರವಾಗಿ ಕ್ಯಾಮೆರಾದ ಕೆಳಗೆ ಬಂದು ನಿಂತು ಮುಖ ಎತ್ತಿದಳು.

“ಏ ಕಮಲಾಕ್ಷಿ, ಕಾಫಿ ಲೋಟ ಕೆಳಗಿಡು,” ಎಂದಳು.

ಇಟ್ಟೆ.

“ಅಕ್ಕ, ಬೇಡ, ಆರ್ಸು,” ಎಂದ ಭದ್ರ ಹಿಂದಿನಿಂದ. “ಬುಧವಾರದವ್ಳು ಬಲು ಬಿಗಿ. ಗೊತ್ತಾದ್ರೆ ಹಿತ್ತಲ ಬಾಗಿಲಿಗೂ ಬೀಗ ಹಾಕ್ತಾಳೆ. ಮಂಗಳವಾರಾನೂ ಹೋಗುತ್ತೆ.”

“ಇನ್ಯಾವ ಮಂಗಳವಾರ ಇದೆಯೋ ನಮಗೆ? ನಾಳಿದ್ದು ಲಾರಿ ಬರುತ್ತೆ,” ಎಂದು ಅವನಿಗೆ ಹೇಳಿ ಮತ್ತೆ ನನ್ನತ್ತ ತಿರುಗಿದಳು. “ಕೇಳಿಲ್ಲಿ. ಇಷ್ಟು ವಾರ ಆರಿಸ್ದೋಳು ನಾನೇ. ನಿನಗೆ ಹೇಳೋಕೆ ನಾಚಿಕೆ ಆಗ್ತಿತ್ತು. ಅಮ್ಮ ಹೋದ ದಿನ ಅವನು ಅಂಗ್ಡೀಲಿರ್ಲಿಲ್ಲ. ಬೆಳಿಗ್ಗೆಯಿಂದ ಅಮ್ಮನ ಕಾಲ ಹತ್ರ ಕೂತಿದ್ದ. ಆ ಹುಕ್ಕು, ಹೆಮ್ಮಿಂಗು ಎಲ್ಲ ಅಲ್ಲೇ ಕೂತು ಕೈಯಲ್ಲಿ ಹೊಲ್ದಿದ್ದು. ಇಲ್ದೆ ಇದ್ದೋಳು ನೀನು. ನಾಲ್ಕು ತಿಂಗಳು ಮಾಡಿ ಮಾಡಿ ಸಾಕಾಗಿತ್ತು ನಿಂಗೂ ನಂಗೂ. ಒಂದ್ ಗಂಟೆ ಅಂತ ಹೋಗಿ ಕೆರೆ ಏರಿ ಮೇಲೆ ಸಂಜೆವರೆಗೂ ಸುಮ್ನೆ ಕೂತಿದ್ವಿ. ಅಮ್ಮ ನಿನ್ನ ಕೇಳಿದ್ಲಂತೆ. ಅಡುಗೆಮನೇಲಿದ್ದಾಳೆ, ಈಗ ಬರ್ತಾಳೆ ಅಂತ ಇವನು ಹೇಳ್ದ. ಅದನ್ನ ನಂಬ್ಕೊಂಡೇ ಅಮ್ಮ ಕಣ್ಣು ಮುಚ್ಚಿದ್ಲು.”

ಅವಳು ಸೆರಗಿನಿಂದ ಮೂಗು ಒರಸಿಕೊಂಡಳು.

“ನಾನು ಮಂಗಳವಾರ ಮಂಗಳವಾರ ಇವನ ಹತ್ರ ಅತ್ತಿದ್ದೀನಿ. ಇವನು ಕ್ಷಮಿಸಿ ಯಾವ ಕಾಲವಾಯ್ತೋ. ಆದ್ರೆ ಅದು ನಾಳೆ ಇವನಿಗೆ ಗೊತ್ತಿರಲ್ಲ. ಊರು ಬಿಟ್ಟ ಮೇಲೆ ಎಂದೂ ಗೊತ್ತಾಗಲ್ಲ. ನೀನು ಅವತ್ತು ಎಲ್ಲರ ಮುಂದೆ ಅಂದ ಮಾತೊಂದೇ ಇವನ ತಲೇಲಿ ಉಳಿಯೋದು. ಹೋಗಿ ಹೇಳು. ನನ್ ಕೈಲಾದಷ್ಟು ನಾನು ಮಾಡ್ದೆ, ಇನ್ನು ನಿನ್ನ ಸರದಿ.”

ಭದ್ರ ಮಣೆ ಬಿಟ್ಟು ಎದ್ದು ಬಂದ. ಕ್ಯಾಮೆರಾವನ್ನು ಹೇಗೆ ನೋಡಬೇಕೆಂದು ತಿಳಿಯದೆ ಸ್ವಲ್ಪ ಪಕ್ಕಕ್ಕೆ ನೋಡುತ್ತ ಹೇಳಿದ: “ಮುಂದಿನ ಬಾಗಿಲಿಗೆ ಬರ್ಬೇಡ ಅಕ್ಕ. ನಾಳೆ ನಾನು ತೆಗೆಯಲ್ಲ, ನನ್ನ ಬುದ್ಧಿ ನಂಗೊತ್ತು. ಹಿತ್ತಲ ಕಡೆಯಿಂದ ಬಾ. ಬಯ್ತೀನಿ. ಬೈದ್ರೂ ಹೋಗ್ಬೇಡ.”

ಕಾಫಿ ಆರಿಹೋಗಿತ್ತು. ಗೋಡೆಯ ಆಚೆ ಮಿಷನ್ನಿನ ಸದ್ದಿರಲಿಲ್ಲ, ಸಾಮಾನು ಎಳೆಯುವ ಸದ್ದಿತ್ತು. ಹನ್ನೊಂದು ವರ್ಷ ಅವನನ್ನು ತಾಯಿಯನ್ನು ಬಿಟ್ಟು ಹೋದವನೆಂದು ಮನಸ್ಸಿನಲ್ಲೇ ಜರಿದಿದ್ದೆ. ಬಿಟ್ಟು ಹೋದವಳು ನಾನು. ಅತ್ತು ಹಗುರಾಗುವ ಭಾಗ್ಯವನ್ನು ಮಂಗಳವಾರದವಳು ತಾನಿಟ್ಟುಕೊಂಡು, ಹೋಗಿ ಎದುರು ನಿಲ್ಲುವ ಕಷ್ಟವನ್ನು ನನಗೆ ಬಿಟ್ಟಿದ್ದಳು. ಹಾಗೆಂದು ಅವಳನ್ನು ಬೈದುಕೊಳ್ಳುತ್ತಲೇ ಎದ್ದೆ. ಇನ್ನೊಂದು ಗಳಿಗೆ ಕುಳಿತಿದ್ದರೆ ನಾನು ಹೋಗುತ್ತಿರಲಿಲ್ಲ.

ಭದ್ರ ಹಿತ್ತಲಲ್ಲಿ ಮಿಷನ್ನಿನ ತಲೆಯನ್ನು ಗೋಣಿಯಲ್ಲಿ ಸುತ್ತಿ ಹುರಿಯಿಂದ ಕಟ್ಟುತ್ತಿದ್ದ. ನನ್ನನ್ನು ಕಂಡು ಕೈ ನಿಲ್ಲಿಸಿದ. ಅದೇ ಮುಖ, ಆದರೆ ದೃಶ್ಯದಲ್ಲಿ ಕಂಡ ತಮ್ಮ ಅದರಲ್ಲಿರಲಿಲ್ಲ.

“ಏನು?” ಎಂದ. “ಇನ್ನೂ ಏನಾದ್ರೂ ಕೇಳೋದು ಬಾಕಿ ಇದ್ಯಾ? ಇದ್ರೆ ಬೀದಿಯವರನ್ನೂ ಕರ್ಕೊಂಡು ಬರ್ಬೇಕಿತ್ತು.”

ಬಯ್ಯುತ್ತೇನೆ ಎಂದು ಅವನೇ ಹೇಳಿದ್ದ. ಆದರೂ ಕಾಲು ಹಿಂದಕ್ಕೆ ಎಳೆಯಿತು. ತಪ್ಪಾಯಿತು ಎಂದು ಶುರು ಮಾಡಬೇಕೆಂದಿದ್ದೆ, ಬಾಯಿಗೆ ಬಂದದ್ದು ಬೇರೆ.

“ಅಮ್ಮ ಹೋಗೋವಾಗ ನೀನು ಹತ್ರಾನೇ ಇದ್ದೆ ಭದ್ರ. ನಾನಿರ್ಲಿಲ್ಲ. ನಾನು ಕೆರೆ ಏರಿ ಮೇಲಿದ್ದೆ.”

ಅವನು ಹುರಿಯನ್ನು ಹಿಡಿದುಕೊಂಡೇ ನಿಂತ. “ಯಾರು ಹೇಳಿದ್ರು?”

“ನಾವೇ. ನಿನ್ನೆ. ನಮ್ಮಡುಗೆಮನೇಲಿ. ಕ್ಯಾಮೆರಾ ಇಟ್ಟಿದ್ದೆ.”

ಇಂಥ ಮಾತನ್ನು ಊರಿನಲ್ಲಿ ಯಾರೂ ಯಾರಿಗೂ ಹೇಳಿರಲಾರರು. ಮಿಷನ್ನು ಬಿಟ್ಟು ನನ್ನನ್ನು ಹೊಡೆಯಲು ಬಂದಿದ್ದರೂ ತಪ್ಪಿರಲಿಲ್ಲ. ಅವನು ಬರಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮೆಲ್ಲನೆ ಕುಳಿತುಕೊಂಡ.

“ನಾನಿದ್ನಾ?” ಎಂದ.

“ಇದ್ದೆ.”

“ನಿಜವಾಗ್ಲೂ ಇದ್ನಾ ಅಕ್ಕ?”

“ಬೆಳಿಗ್ಗೆಯಿಂದ ಕಾಲ ಹತ್ರಾನೇ ಕೂತಿದ್ದೆ. ಹುಕ್ಕೆಲ್ಲ ಅಲ್ಲೇ ಹೊಲ್ದೆ.”

ಅವನು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ. ಬೆರಳುಗಳ ಸಂದಿಯಿಂದ ಮಾತು ಬಂತು. “ಅವತ್ತು ನಂಗೆ ಸಿಟ್ಟು ಬಂದಿದ್ದು ನಿನ್ನ ಮೇಲಲ್ಲ. ನೀನು ಕೇಳ್ದಾಗ, ಇರ್ಲಿಲ್ವೇನೋ ಅಂತ ನಂಗೂ ಅನ್ನಿಸ್ಬಿಡ್ತು. ಆ ಬ್ಲೌಸು ನಾನೂ ನೋಡ್ದೆ. ಹನ್ನೊಂದು ವರ್ಷ, ಇರ್ಲಿಲ್ಲ ಅಂತಾನೇ ಅಂದ್ಕೊಂಡಿದ್ದೆ. ನಿನ್ ಮುಖ ನೋಡೋಕಾಗ್ದೆ ಗೋಡೆ ಹಾಕ್ಸ್ದೆ.”

ಗೋಡೆಗೆ ಇದು ಕಾರಣವಾಗಿರಬಹುದೆಂದು ನನಗೆ ಒಂದು ದಿನವೂ ಹೊಳೆದಿರಲಿಲ್ಲ. ಅವನ ಹತ್ತಿರ ಹೋಗಿ ಕಲ್ಲಿನ ಪಕ್ಕ ನೆಲದ ಮೇಲೆ ಕುಳಿತೆ.

“ಅಮ್ಮ ಏನಾದ್ರೂ ಅಂದ್ಲಾ?” ಎಂದು ಕೇಳಿದ.

“ನನ್ನ ಕೇಳಿದ್ಲಂತೆ.”

“ನಾನೇನಂದೆ?”

“ಅಡುಗೆಮನೇಲಿದ್ದಾಳೆ, ಈಗ ಬರ್ತಾಳೆ ಅಂದ್ಯಂತೆ.”

ಅವನು ಕೈ ತೆಗೆದು ನನ್ನನ್ನು ನೋಡಿದ. ಕಣ್ಣು, ಮೂಗು, ಮೀಸೆ ಎಲ್ಲ ಒದ್ದೆಯಾಗಿದ್ದವು.

“ಹಾಗೇ ತಾನೆ ಅನ್ಬೇಕು,” ಎಂದ. “ಇನ್ನೇನಂತಾರೆ?”

ಒಳಗಿನಿಂದ ಸುನಂದ ಕೂಗಿ ಕೇಳಿದಳು, “ಯಾರ್ರೀ ಅದು, ಯಾರ ಜೊತೆ ಮಾತಾಡ್ತಿದ್ದೀರ?”

“ನಮ್ಮಕ್ಕ,” ಎಂದ ಭದ್ರ.